ಮಕ್ಕಳ ಕೋಣೆಯ ಕಿಟಕಿಗೆ ಹೊಸ ಪರದೆ

ಚಿಕ್ಕಮಗಳೂರಿನ ಆರು ಮಳೆಗಾಲ ಕಂಡಿದ್ದ ಮಕ್ಕಳ ಕೋಣೆಯ ಬಿದಿರಿನ ಬ್ಲೈಂಡ್‌ಗಳನ್ನು ಕಳೆದ ಮೇ ತಿಂಗಳಲ್ಲಿ ನಾನೇ ಕಳಚಿ, ಹತ್ತಿಬಟ್ಟೆಯ ಪರದೆ ಹಾಕಿದೆ. ಕಡ್ಡಿಗಳ ಸಂದಿಯಲ್ಲಿ ಬೂಷ್ಟು ಹಿಡಿದು, ಎಷ್ಟು ಒರೆಸಿದರೂ ಮುಗ್ಗಲು ವಾಸನೆ ಹೋಗುತ್ತಿರಲಿಲ್ಲವೆಂಬುದು ಒಂದು ಕಾರಣ. ಆದರೆ ಈ ಕೆಲಸವನ್ನು ಇನ್ನು ಮುಂದೂಡುವಂತಿಲ್ಲ ಎನ್ನಿಸಿದ್ದು ಅವುಗಳ ಹಗ್ಗದಿಂದ. ಮಂಚದ ಪಕ್ಕದಲ್ಲೇ ಕುಣಿಕೆಯಾಗಿ ಇಳಿಬಿದ್ದಿದ್ದ ಆ ಹಗ್ಗವನ್ನು ಒಂದು ಸಂಜೆ ಮೂರು ವರ್ಷದ ಮಗಳು ದಿಂಬಿನ ಮೇಲೆ ನಿಂತು, ಸರದಂತೆ ಕೊರಳಿಗೆ ಹಾಕಿಕೊಂಡು ಅಣ್ಣನಿಗೆ ತೋರಿಸುತ್ತಿದ್ದಳು. ಹಗ್ಗ ಕೊರಳಿಗೆ ಬಿಗಿದರೆ ಮಗುವಿಗೆ ಕೂಗಲೂ ಆಗದು. ಅಮೆರಿಕದಲ್ಲಿ 2018ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಮಾನದಂಡವು, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡ್‌ಗಳಲ್ಲಿ ಹಗ್ಗವೇ ಇರಬಾರದು ಇಲ್ಲವೇ ಅದು ಮಕ್ಕಳ ಕೈಗೆ ಎಟುಕಬಾರದು ಎನ್ನುವುದಕ್ಕೆ ಹೀಗೆ ಕೊರಳು ಬಿಗಿದು ಆದ ಮಕ್ಕಳ ಸಾವುಗಳೇ ಕಾರಣ. ಅಂದೇ ರಾತ್ರಿ ಹಗ್ಗವನ್ನು ಎತ್ತರದ ಮೊಳೆಗೆ ಸುತ್ತಿ, ಮಂಚವನ್ನು ಎದುರುಗೋಡೆಗೆ ಸರಿಸಿದೆ.

ನಾಲ್ಕು ಅಡಿ ಅಗಲದ ಕಿಟಕಿಗೆ, ಬದಿಗಳಿಂದ ಬೆಳಕು ನುಸುಳದಂತೆ ಆಚೀಚೆ ಆರಾರು ಇಂಚು ಬಿಟ್ಟು ಐದು ಅಡಿಯ ರಾಡ್ ತಂದೆ. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಬಟ್ಟೆಯ ಅಗಲ ರಾಡಿನ ಎರಡರಷ್ಟಾದರೂ ಇರಬೇಕು. ಹತ್ತಿಬಟ್ಟೆಯನ್ನು ಕತ್ತರಿಸುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸಬೇಕೆಂಬುದು ಅಮ್ಮನ ಕಾಲದಿಂದ ಕೇಳಿದ್ದ ಮಾತೇ ಆದರೂ ಅವಸರದಲ್ಲಿ ಅದನ್ನು ಬಿಟ್ಟೆ. ಮೊದಲ ಒಗೆತಕ್ಕೇ ಪರದೆ ಎರಡು ಇಂಚು ಮೇಲೇರಿತು. ಕೆಳಗಡೆ ನಾಲ್ಕು ಇಂಚು ಮಡಿಸಿ ಹೊಲಿದಿದ್ದರಿಂದ, ಹೊಲಿಗೆ ಬಿಚ್ಚಿ ಇಳಿಸಿಕೊಂಡು ಮಾನ ಉಳಿಸಿಕೊಂಡೆ.

ಹೆಚ್ಚು ಸತಾಯಿಸಿದ್ದು ಗೋಡೆ. ಕಿಟಕಿಯ ಮೇಲಿರುವುದು ಇಟ್ಟಿಗೆಯಲ್ಲ, ಮೇಲಿನ ಗೋಡೆಯ ಭಾರ ಹೊರುವ ಕಾಂಕ್ರೀಟಿನ ತೊಲೆ, ಅಂದರೆ ಲಿಂಟಲ್. ನನ್ನ ಸಾಮಾನ್ಯ ಡ್ರಿಲ್ ಅಲ್ಲಿ ಕಿರುಚಿತೇ ಹೊರತು ಅದರ ಕೊರೆಯುವ ಕಡ್ಡಿ ಅರ್ಧ ಇಂಚೂ ಒಳಗಿಳಿಯಲಿಲ್ಲ. ಬಡಿಯುತ್ತಲೇ ಕೊರೆಯುವ ಹ್ಯಾಮರ್ ಡ್ರಿಲ್ ಬಾಡಿಗೆಗೆ ತಂದ ಮೇಲೆ ಎಂಟು ಮಿಲಿಮೀಟರಿನ ತೂತು ಸಲೀಸಾಗಿ ಬಿತ್ತು. ತೂತಿನ ಕೆಳಗೆ ಹಳೆಯ ಲಕೋಟೆಯೊಂದನ್ನು ಬಾಯಿ ತೆರೆದು ಅಂಟಿಸಿದರೆ ಧೂಳು ಹಾಸಿಗೆಯ ಮೇಲೆ ಬೀಳುವುದಿಲ್ಲ. ತೂತಿನೊಳಗೆ ಸ್ಕ್ರೂವನ್ನು ಹಿಡಿದಿಡುವ ಅದೇ ಅಳತೆಯ ರಾವಲ್‌ಪ್ಲಗ್, ನಮ್ಮ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಗಿಟ್ಟಿ, ಬಿಗಿಯಾಗಿ ಕೂರಬೇಕು; ಮಕ್ಕಳು ಪರದೆ ಹಿಡಿದು ಜೋತಾಡದೆ ಬಿಡುವುದಿಲ್ಲ.

ಬ್ರಾಕೆಟ್‌ಗಳನ್ನು ಬೇಕೆಂದೇ ಉದ್ದನೆಯವು ಆರಿಸಿದ್ದೆ. ಬಟ್ಟೆ ಗೋಡೆಯಿಂದ ಮೂರು ಇಂಚು ದೂರ ನಿಂತು ಹಿಂದೆ ಗಾಳಿ ಆಡಲೆಂದು. ಈಗ ಜೂನ್ ಮಳೆ ಬಿಡದೆ ಹಿಡಿದಿದೆ. ಇಂದು ಬೆಳಿಗ್ಗೆ ಪರದೆಯ ಹಿಂಬದಿಯನ್ನು ಮುಟ್ಟಿ ನೋಡಿದೆ: ತಣ್ಣಗಿತ್ತು, ಒದ್ದೆಯಾಗಿರಲಿಲ್ಲ.