ಬಾಯ್ಲರ್ ಕುಡಿದ ನೀರೆಲ್ಲ ಎಲ್ಲಿಗೆ ಹೋಯಿತು?

ನವೆಂಬರ್, ಮೊದಲ ವಾರ

ಲೀಡ್ಸ್‌ನ ನಮ್ಮ ಮನೆಯ ಅಡುಗೆಮನೆ ಗೋಡೆಯಲ್ಲಿ ನೇತಾಡುತ್ತಿರುವ ಗ್ಯಾಸ್ ಬಾಯ್ಲರ್ 2004ರದ್ದು. ಸ್ನಾನದ ನೀರನ್ನೂ ಅದೇ ಕಾಯಿಸಬೇಕು, ಕೋಣೆಗಳ ರೇಡಿಯೇಟರುಗಳಿಗೆ ಬಿಸಿನೀರನ್ನೂ ಅದೇ ಹರಿಸಬೇಕು. ಚಳಿ ಬಿದ್ದ ಮೇಲೆ ಬೆಳಗ್ಗೆ ಎದ್ದಾಗ ಮನೆ ತಣ್ಣಗಿರುತ್ತದೆ, ಬಾಯ್ಲರಿನಲ್ಲಿ ಕೆಂಪು ದೀಪ ಮಿನುಗುತ್ತಿರುತ್ತದೆ, ನೀರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಗೆ ಒರಗಿರುತ್ತದೆ. ಕೆಳಗಿನ ನಲ್ಲಿ ತಿರುಗಿಸಿ ನೀರು ತುಂಬಿ, ಒತ್ತಡವನ್ನು 1.2 ಬಾರ್‌ಗೆ ತಂದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಅದೇ ಕಥೆ.

ಇಪ್ಪತ್ತು ವರ್ಷ ದುಡಿದಿದೆ, ಕಿತ್ತುಹಾಕಿ ಹೊಸದನ್ನು ಕೂರಿಸಿ ಎನ್ನುವವರು ಸಿಗುತ್ತಲೇ ಇದ್ದಾರೆ. ಹೊರಗಿನ ಕಂಡೆನ್ಸೇಟ್ ಪೈಪ್, ಅಂದರೆ ಹೊಗೆಯಲ್ಲಿನ ಹಬೆ ತಣಿದು ಆದ ನೀರನ್ನು ಹೊರಬಿಡುವ ಕೊಳವೆ, ಹೆಪ್ಪುಗಟ್ಟಿರಬೇಕು ಎಂದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಹೊಸದಾಗಿ ಹಾಕಿಸುವ ಗ್ಯಾಸ್ ಬಾಯ್ಲರ್ ಆ ಹಬೆಯ ಶಾಖವನ್ನೂ ಬಳಸಿಕೊಳ್ಳುವ ಕಂಡೆನ್ಸಿಂಗ್ ಮಾದರಿಯದೇ ಇರಬೇಕೆಂಬ ನಿಯಮ ಬಂದದ್ದು 2005ರ ಏಪ್ರಿಲ್‌ನಲ್ಲಿ. ನಮ್ಮದು ಅದಕ್ಕೂ ಹಿಂದಿನದು, ಆ ಪೈಪೇ ಇಲ್ಲ. ರೋಗ ಯಾವುದೆಂದು ತಿಳಿಯದೆ ಹೊಸ ಬಾಯ್ಲರಿಗೆ ದುಡ್ಡು ಸುರಿಯಲು ನಾನು ತಯಾರಿಲ್ಲ.

ಒಂದು ಗೆರೆ ಮಾತ್ರ ಮೊದಲೇ ಎಳೆದುಕೊಂಡಿದ್ದೇನೆ: ಗ್ಯಾಸ್ ಮತ್ತು ಉರಿಯ ಭಾಗಕ್ಕೆ ಕೈ ಹಾಕುವುದಿಲ್ಲ. ಬ್ರಿಟನ್ನಿನಲ್ಲಿ ಅದು ಗ್ಯಾಸ್ ಸೇಫ್ ಎಂಬ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರ ಕೆಲಸ. ನೀರಿನ ಕಡೆಯ ಪತ್ತೇದಾರಿಗೆ ಅಡ್ಡಿಯಿಲ್ಲ.

ನವೆಂಬರ್, ಕೊನೆಯ ವಾರ

ಮೊದಲ ಅನುಮಾನ ನೆಲದ ಹಲಗೆಗಳ ಕೆಳಗಿನ ಪೈಪುಗಳ ಮೇಲಿತ್ತು. ರಾತ್ರಿ ಬಾಯ್ಲರ್ ಆರಿಸಿ, ಪೂರ್ತಿ ತಣಿದ ಮೇಲೆ ಮುಳ್ಳು ಎಲ್ಲಿದೆಯೆಂದು ಗುರುತು ಹಾಕಿ ಮಲಗಿದೆ. ಬೆಳಗ್ಗೆಯೂ ಅದು ಅಲ್ಲೇ ಇತ್ತು. ಪೈಪ್ ಸೋರುತ್ತಿದ್ದರೆ ತಣ್ಣಗಿದ್ದಾಗಲೂ ಸೋರಬೇಕಲ್ಲ!

ಆಮೇಲೆ ಹೀಟಿಂಗ್ ಹಚ್ಚಿ ಗೇಜಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತೆ. ನೀರು ಕಾಯುತ್ತಾ ಹೋದಂತೆ ಮುಳ್ಳು 2 ದಾಟಿತು, 2.5 ದಾಟಿತು, 3ರ ಹತ್ತಿರ ಹೋಗಿ ನಿಂತಿತು. ಸುರಕ್ಷತಾ ವಾಲ್ವ್ ಬಾಯಿ ಬಿಡುವುದು ಸರಿಯಾಗಿ 3 ಬಾರ್‌ಗೆ. ಅದರ ತಾಮ್ರದ ಪೈಪ್ ಹೊರಗೋಡೆಯಲ್ಲಿ ನೆಲದತ್ತ ಬಾಗಿಕೊಂಡಿದೆ. ಲೀಡ್ಸ್‌ನ ಮಳೆಯಲ್ಲಿ ಆ ಗೋಡೆ ಯಾವಾಗಲೂ ಒದ್ದೆಯೇ, ನೋಡಿ ಹೇಳುವಂತಿಲ್ಲ. ಪೈಪಿನ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆ. ಸಂಜೆಗೆ ಚೀಲ ಜೋತುಬಿದ್ದಿತ್ತು. ಕಳೆದುಹೋಗುತ್ತಿದ್ದ ನೀರು ಸಿಕ್ಕಿತು.

ಹಾಗಾದರೆ ಒತ್ತಡ ಅಷ್ಟು ಏರುವುದೇಕೆ? ಊರಿನ ಬಚ್ಚಲ ಹಂಡೆಯಲ್ಲಿ ನೀರು ಕಾದು ಹಿಗ್ಗಿದರೆ ಮೇಲೆ ಬರುತ್ತದೆ, ಅಷ್ಟೇ. ಬಾಯಿ ತೆರೆದೇ ಇದೆ. ಇಲ್ಲಿಯದು ಮುಚ್ಚಿದ ವ್ಯವಸ್ಥೆ. 100 ಲೀಟರ್ ನೀರು 10 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಹತ್ತಿರ ಹತ್ತಿರ 3 ಲೀಟರ್ ಹಿಗ್ಗುತ್ತದೆ. ಅದಕ್ಕೆ ಜಾಗ ಕೊಡಲೆಂದೇ ಬಾಯ್ಲರಿನ ಹಿಂಭಾಗದಲ್ಲಿ ಚಪ್ಪಟೆಯಾದ ಉಕ್ಕಿನ ಡಬ್ಬಿಯಿದೆ, ಎಕ್ಸ್‌ಪಾನ್ಷನ್ ವೆಸೆಲ್. ಒಳಗೆ ರಬ್ಬರಿನ ಪೊರೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ನೀರು ಹಿಗ್ಗಿದಾಗ ಗಾಳಿ ಕುಗ್ಗಿ ಜಾಗ ಬಿಡಬೇಕು. ಗಾಳಿ ಇಲ್ಲವಾದರೆ ಹಿಗ್ಗಿದ ನೀರು ವಾಲ್ವ್ ತಳ್ಳಿಕೊಂಡು ಹೊರಗೆ ಹೋಗುತ್ತದೆ. ತಣಿದಾಗ ಅಷ್ಟು ನೀರು ಕಡಿಮೆ ಬಿದ್ದು ಮುಳ್ಳು ಸೊನ್ನೆಗೆ ಇಳಿಯುತ್ತದೆ. ತುಂಬುವ ನಲ್ಲಿಯೇ ಒಳಗೊಳಗೆ ನೀರು ಬಿಡುತ್ತಿದೆಯೇ ಎಂಬ ಅನುಮಾನ ಉಳಿಯಬಾರದೆಂದು ಅದರ ಹೆಣೆದ ಪೈಪನ್ನು ಬಿಚ್ಚಿಟ್ಟು ಮತ್ತೆ ಕಾಯಿಸಿದೆ. ಮುಳ್ಳು ಹಾಗೆಯೇ ಏರಿತು.

ವೆಸೆಲ್ಲಿನ ಗಾಳಿಯ ವಾಲ್ವ್ ಬಾಯ್ಲರಿನ ನೆತ್ತಿಯ ಮೇಲಿದೆ, ಕಾರಿನ ಟೈರಿನಲ್ಲಿರುವಂಥದ್ದೇ. ಗಾಳಿ ಮಾತ್ರ ಕಡಿಮೆಯಾಗಿದ್ದರೆ ನೀರಿನ ಒತ್ತಡವನ್ನು ಸೊನ್ನೆಗೆ ಇಳಿಸಿ ಸೈಕಲ್ ಪಂಪಿನಲ್ಲೇ ತುಂಬಿಬಿಡಬಹುದು. ಆ ಆಸೆಯಿಂದಲೇ ಪಿನ್ನು ಒತ್ತಿದೆ. ಗಾಳಿಯ ಬದಲು ಕಪ್ಪು ನೀರು ಚಿಮ್ಮಿತು. ಪೊರೆ ಹರಿದಿದೆ; ಪಂಪು ಹೊಡೆದು ಫಲವಿಲ್ಲ.

ಡಿಸೆಂಬರ್

ನೋಂದಾಯಿತ ಎಂಜಿನಿಯರ್ ಬಂದರು. ಚೀಲ, ಗೇಜಿನ ಗುರುತು, ಕಪ್ಪು ನೀರು ಎಲ್ಲವನ್ನೂ ವರದಿ ಒಪ್ಪಿಸಿದೆ. ಅವರು ಮರುಮಾತಿಲ್ಲದೆ ಒಪ್ಪಿದರು. ಹಿಂಭಾಗದ ವೆಸೆಲ್ ತೆಗೆಯಬೇಕಾದರೆ ಬಾಯ್ಲರನ್ನೇ ಗೋಡೆಯಿಂದ ಇಳಿಸಬೇಕು, ಕೂಲಿಯೇ ದುಬಾರಿಯಾಗುತ್ತದೆ. ಅದನ್ನು ಅಲ್ಲೇ ಬಿಟ್ಟು, ರೇಡಿಯೇಟರುಗಳಿಂದ ನೀರು ಮರಳಿ ಬರುವ ಪೈಪಿಗೆ 18 ಲೀಟರಿನ ಹೊಸ ವೆಸೆಲ್ ಜೋಡಿಸಿ 1 ಬಾರ್ ಗಾಳಿ ತುಂಬಿದರು. ಕೆಂಪು ಬಣ್ಣದ ಆ ಗುಂಡು ಡಬ್ಬಿ ಕಪಾಟಿನಲ್ಲಿ ಸಾಂಬಾರ್ ಪುಡಿಯ ಭರಣಿಗಳ ಜಾಗ ತಿಂದಿದೆ. ಆ ಬಗ್ಗೆ ಮನೆಯಲ್ಲಿ ಇನ್ನೂ ರಾಜಿಯಾಗಿಲ್ಲ. ಸುರಕ್ಷತಾ ವಾಲ್ವನ್ನೂ ಬದಲಾಯಿಸಿದರು. ಪದೇ ಪದೇ ತೆರೆದ ವಾಲ್ವಿನ ಬಾಯಲ್ಲಿ ಕಸ ಸಿಕ್ಕಿಕೊಂಡರೆ ಆಮೇಲೆ ಅದು ಸರಿಯಾಗಿ ಮುಚ್ಚುವುದಿಲ್ಲ.

ಜನವರಿ

ತಣ್ಣಗಿದ್ದಾಗ 1.2, ಪೂರ್ತಿ ಕಾದಾಗ 1.6. ಹೊರಗೆ ಕಟ್ಟಿದ ಚೀಲ ಒಣಗಿದೆ. ಹೊಸ ನೀರು ತುಂಬುವ ಪ್ರಸಂಗವೇ ಬಂದಿಲ್ಲ.

ಬಾಕಿ ಇರುವುದು ನಡುಮನೆಯ ರೇಡಿಯೇಟರ್. ಮೇಲೆ ಬಿಸಿ, ಕೆಳಗೆ ತಣ್ಣಗೆ. ಮೇಲ್ಭಾಗ ತಣ್ಣಗಿದ್ದರೆ ಗಾಳಿ ಸೇರಿದೆ ಎಂದು ಕೀಲಿ ತಿರುಗಿಸಿ ಬಿಡಬಹುದಿತ್ತು, ಕೆಳಭಾಗವೆಂದರೆ ಕೆಸರು. ಪ್ರತಿ ಸಲ ತುಂಬಿದ ಹೊಸ ನೀರಿನ ಜೊತೆ ಆಮ್ಲಜನಕವೂ ಒಳಗೆ ಹೋಗಿ ಉಕ್ಕನ್ನು ತಿಂದಿದೆ. ಅಂದು ಚಿಮ್ಮಿದ ನೀರನ್ನು ಲೋಟದಲ್ಲಿ ಎತ್ತಿಟ್ಟಿದ್ದೆ. ಅಯಸ್ಕಾಂತ ಹಿಡಿದರೆ ತಳದ ಕಪ್ಪು ಪುಡಿಯೆಲ್ಲ ಅದರತ್ತ ಸರಿಯುತ್ತದೆ, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಕಪ್ಪು ಆಕ್ಸೈಡ್. ಚಳಿ ಕಡಿಮೆಯಾದ ಮೇಲೆ ಆ ರೇಡಿಯೇಟರನ್ನು ಕಳಚಿ ಹಿತ್ತಲಿಗೆ ಒಯ್ದು ತೊಳೆಯಬೇಕು, ತುಕ್ಕು ತಡೆಯುವ ದ್ರಾವಣವನ್ನು ಹೊಸದಾಗಿ ಸೇರಿಸಬೇಕು. ಕಾರ್ಪೆಟ್ಟಿನ ಮೇಲೆ ಹಾಸಲು ಹಳೆಯ ಬೆಡ್‌ಶೀಟುಗಳನ್ನು ಈಗಲೇ ಬೇರೆ ಇಟ್ಟಿದ್ದೇನೆ.