ಒಣಗಿದ್ದು ಮೊದಲು

ಕೊಪ್ಪ ಸೀಮೆಯ ಚಳಿಗಾಲ ನೋಡಲು ಬರುವ ನೆಂಟರಿಗೆ ಬೆಳಗಿನ ಮಂಜು, ಹುಲ್ಲಿನ ಮೇಲಿನ ಇಬ್ಬನಿ, ಬಚ್ಚಲೊಲೆಯ ಬೆಂಕಿ ಇಷ್ಟವಾಗುತ್ತವೆ. ನನಗೂ ಇಷ್ಟವೇ. ಆದರೆ ಡಿಸೆಂಬರ್ ಬಂತೆಂದರೆ ಮನೆಯವರ ಕಣ್ಣು ಪೂರ್ತಿ ಅಂಗಳದ ಮೇಲೆ, ಆಕಾಶದ ಮೇಲೆ. ಅಡಿಕೆಯ ಕೊನೆಯ ಕೊಯ್ಲು ನಡೆಯುತ್ತಿರುತ್ತದೆ. ಕಾಫಿಯಲ್ಲಿ ಅರೇಬಿಕಾ ಕುಯ್ದು ಮುಗಿಯುವ ಮೊದಲೇ ರೊಬಸ್ಟಾ ಕೆಂಪಾಗತೊಡಗುತ್ತದೆ. ಗದ್ದೆಯಿಂದ ಬಂದ ಭತ್ತದ ಹೊರೆ ಇನ್ನೂ ಬಡಿದಿರುವುದಿಲ್ಲ. ಅಷ್ಟರಲ್ಲಿ ಕಾಳುಮೆಣಸಿನ ಗೊಂಚಲಲ್ಲಿ ಒಂದೆರಡು ಕಾಳು ಹಣ್ಣಾಗಿ, ಕುಯ್ಯುವ ಹೊತ್ತು ಹತ್ತಿರ ಬಂತೆಂದು ಹೇಳುತ್ತವೆ. ನಾಲ್ಕಕ್ಕೂ ಬಿಸಿಲು ಬೇಕು, ನಾಲ್ಕಕ್ಕೂ ಆಳು ಬೇಕು.

ನಾನು ಮದುವೆಯಾಗಿ ಬರುವ ಹೊತ್ತಿಗೆ ಈ ತೋಟ ಹೀಗೇ ಇತ್ತು. ಅತ್ತೆಯವರು ಬಂದಾಗ ಮಾತ್ರ ಬರೀ ಅಡಿಕೆ, ಮನೆಯ ಊಟಕ್ಕಾಗುವಷ್ಟು ಗದ್ದೆ. ಶೃಂಗೇರಿ, ಕೊಪ್ಪದ ಕಡೆಯ ತೋಟಗಳಿಗೆ ಹಳದಿ ಎಲೆ ರೋಗ ಹಿಡಿದ ಮೇಲೆ ಎಲ್ಲ ಬದಲಾಯಿತು. ಈ ರೋಗ ಮರವನ್ನು ಒಮ್ಮೆಗೇ ಕೊಲ್ಲುವುದಿಲ್ಲ. ಸೋಗೆ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ, ಕಾಯಿ ಉದುರುತ್ತದೆ, ಉಳಿದ ಕಾಯಿಯ ಒಳಗೂ ಗಟ್ಟಿತನ ಇರುವುದಿಲ್ಲ, ವರ್ಷ ವರ್ಷ ಫಸಲು ಇಳಿಯುತ್ತದೆ. ಇದನ್ನು ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ. ಮಾವನವರು ಅಡಿಕೆಯ ನಡುವೆ ಕಾಫಿ ಗಿಡ ಇಟ್ಟರು, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದರು, ಮೇಲಿನ ಗುಡ್ಡದಲ್ಲಿ ಸಿಲ್ವರ್ ಓಕ್ ಹಾಕಿ ಅದರ ನೆರಳಿಗೆ ರೊಬಸ್ಟಾ ತಂದರು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾಲ್ಕು ಬೆಳೆ ಇಟ್ಟ ಮನೆಯಲ್ಲಿ ಯಾವುದಕ್ಕೆ ಮೊದಲು ಕೈಹಾಕಬೇಕು ಎಂದು ದಿನಾ ಬೆಳಗ್ಗೆ ಯಾರಾದರೂ ತೀರ್ಮಾನ ಮಾಡಲೇಬೇಕು. ನಮ್ಮಲ್ಲಿ ಅದು ಅತ್ತೆಯವರ ಕೆಲಸ.

ಅವರ ತೀರ್ಮಾನ ಹೇಗೆ ಎಂದು ನಾನು ಕಲಿತದ್ದು ನೋಡಿ ನೋಡಿಯೇ. ಭತ್ತಕ್ಕೆ ತಾಳ್ಮೆ ಹೆಚ್ಚು. ಕುಯ್ದು, ಕಟ್ಟಿ, ಒತ್ತಾಗಿ ಒಟ್ಟಿಟ್ಟರೆ ವಾರಗಟ್ಟಲೆ ಕಾಯುತ್ತದೆ. ಮೆಣಸು ಬಳ್ಳಿಯಲ್ಲೇ ಕೆಲವು ದಿನ ಇರಬಲ್ಲದು, ಹಕ್ಕಿಯ ಪಾಲು ಸ್ವಲ್ಪ ಹೆಚ್ಚಾಗುತ್ತದೆ ಅಷ್ಟೆ. ಇಳಿಸಿದ ಅಡಿಕೆ ಗೊನೆಯೂ ಕೊಟ್ಟಿಗೆಯ ಪಕ್ಕ ಒಂದೆರಡು ದಿನ ಬಿದ್ದಿರಬಹುದು. ಆದರೆ ಸುಲಿದರೋ, ಅದಕ್ಕೆ ಒಂದು ರಾತ್ರಿಯಷ್ಟೇ ಗಡುವು. ಸುಲಿದದ್ದನ್ನು ಬೇಗ ಹಂಡೆಗೆ ಹಾಕಿ ಬೇಯಿಸದಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟ ಅಡಿಕೆಗೆ ಮಂಡಿಯಲ್ಲಿ ಬೆಲೆ ಇಲ್ಲ. ಕಾಫಿ ಹಣ್ಣಂತೂ ಚೀಲದಲ್ಲೇ ಬಿಸಿಯಾಗತೊಡಗುತ್ತದೆ. ಕುಯ್ದ ದಿನವೇ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಅಂದರೆ ಪಲ್ಪರ್‌ಗೆ ಹಾಕಬೇಕು, ಇಲ್ಲವೇ ಕಣದಲ್ಲಿ ಹರಡಬೇಕು. ಆಳು ಎಷ್ಟು ಬಂದಿದ್ದಾರೆ ಎಂದು ನೋಡಿಯೇ ಅತ್ತೆ ಇವತ್ತು ಎಷ್ಟು ಸುಲಿಯುವುದು, ಎಷ್ಟು ಕುಯ್ಯುವುದು ಎಂದು ಹೇಳುತ್ತಿದ್ದರು. ಕೈಲಾಗುವುದಕ್ಕಿಂತ ಒಂದು ಬುಟ್ಟಿ ಹೆಚ್ಚು ಸುಲಿಸಲು ಅವರು ಯಾವತ್ತೂ ಬಿಟ್ಟವರಲ್ಲ.

2021ರ ಜನವರಿಯ ಮೊದಲ ವಾರ. ಆ ಮಳೆ ಮಲೆನಾಡಿನವರಿಗೆ, ಕೊಡಗಿನವರಿಗೆ ಮರೆಯುವಂಥದ್ದಲ್ಲ. ಲಾಕ್‌ಡೌನ್ ಆದಾಗಿನಿಂದ ಮೈದುನ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡದ ತುದಿಯ ಗೇರುಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದ. ಆ ದಿನ ಬೆಳಗ್ಗೆ ಚಳಿಯೇ ಇರಲಿಲ್ಲ. ಜನವರಿಯಲ್ಲಿ ಬೆಳಗ್ಗೆ ಚಳಿ ಇಲ್ಲವೆಂದರೆ ಅದು ಒಳ್ಳೆಯ ಸೂಚನೆಯಲ್ಲ. ಅತ್ತೆ ದೋಸೆ ಹುಯ್ಯುತ್ತಾ ಎರಡು ಸಲ ಹೊರಗೆ ಹೋಗಿ ಬಂದರು. ಸುಲಿಯಲು ಬಂದ ಹೆಂಗಸರಿಗೆ, "ಹೊಸ ಗೊನೆ ಮುಟ್ಟೋದು ಬ್ಯಾಡ, ನಿನ್ನೇದು ಮುಗ್ಸಿ ಸಾಕು" ಎಂದರು.

ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ ಕಡೆ ಕಪ್ಪಾಯಿತು. ಆಗ ನಮ್ಮ ಅಂಗಳದಲ್ಲಿ ಇದ್ದದ್ದು ಇಷ್ಟು: ಒಂದು ಮೂಲೆಯಲ್ಲಿ ಹೆಚ್ಚುಕಡಿಮೆ ಒಣಗಿದ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿದ ಬೀಜ), ಅದರ ಪಕ್ಕ ಅದೇ ದಿನ ಹರಡಿದ ಹಸಿ ರೊಬಸ್ಟಾ ಹಣ್ಣು, ಚಪ್ಪರದ ಮೇಲೆ ಬೇಯಿಸಿದ ಅಡಿಕೆ, ಅದರಲ್ಲೂ ಅರ್ಧ ಒಣಗಿದ್ದು ಒಂದು ಕಡೆ, ಹಿಂದಿನ ದಿನ ಬೇಯಿಸಿದ್ದು ಇನ್ನೊಂದು ಕಡೆ. ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಗಂಡ, ಮೈದುನ, ಆಳುಗಳು ಎಲ್ಲರೂ ಮೊದಲು ಓಡಿದ್ದು ಹಸಿ ಹಣ್ಣಿನ ಕಡೆಗೆ. ಅದೇ ದೊಡ್ಡ ರಾಶಿ, ಕಣ್ಣಿಗೆ ಹೊಡೆಯುವಷ್ಟು ಕೆಂಪು, ಅವತ್ತಿನ ದುಡಿಮೆ ಪೂರ್ತಿ ಅಲ್ಲೇ ಇತ್ತು.

ಅತ್ತೆ ಜಗಲಿಯಿಂದಲೇ ಕೂಗಿದರು. "ಅದನ್ನ ಬಿಡ್ರೋ! ಹಸಿದು ನೆಂದ್ರೆ ಮತ್ತೆ ಒಣಗ್ತದೆ, ಒಣಗಿದ್ದು ನೆಂದ್ರೆ ಹೋಯ್ತು. ಒಣಗಿದ್ದು ಮೊದ್ಲು ತುಂಬಿ." ನನ್ನ ಕಡೆ ತಿರುಗಿ, "ನೀ ಹಂಡೆ ಬಿಟ್ಟು ಏಳ್ಬೇಡ" ಎಂದರು.

ಪಾರ್ಚ್‌ಮೆಂಟನ್ನು ಹಲುಬೆಯಿಂದ ಎಳೆದು, ಬುಟ್ಟಿಯಲ್ಲಿ ತುಂಬಿ ಒಳಗೆ ಸುರಿದರು. ಒಣಗುತ್ತಾ ಬಂದ ಕಾಫಿ ಮತ್ತೆ ನೀರು ಕುಡಿದರೆ ಬೀಜದ ಬಣ್ಣ ಹೋಗುತ್ತದೆ, ಬೂಸಲು ವಾಸನೆ ಹಿಡಿಯುತ್ತದೆ. ಆ ಮೇಲೆ ಎಷ್ಟು ಒಣಗಿಸಿದರೂ ಮೊದಲಿನಂತಾಗುವುದಿಲ್ಲ. ಆಮೇಲೆ ಅರ್ಧ ಒಣಗಿದ ಅಡಿಕೆ. ಹಿಂದಿನ ದಿನ ಬೇಯಿಸಿದ್ದಕ್ಕೆ ಚಪ್ಪರದ ಮೇಲೇ ಟಾರ್ಪಾಲು ಎಳೆದರು. ಹಸಿ ಹಣ್ಣನ್ನು ದಿಣ್ಣೆಯಂತೆ ಒಟ್ಟುಗೂಡಿಸುವಷ್ಟರಲ್ಲಿ ದಪ್ಪ ಹನಿ ಬಿದ್ದಾಗಿತ್ತು. ಸ್ವಲ್ಪ ಹಣ್ಣು ನೀರಿನ ಜೊತೆ ಅಂಗಳದ ಅಂಚಿನ ಚರಂಡಿಗೆ ಹೋಯಿತು. ಉಳಿದದ್ದು ನೆಂದಿತು. ಅತ್ತೆ ಹೇಳಿದ ಹಾಗೆ ಅದು ಆಮೇಲೆ ಒಣಗಿತು ಕೂಡಾ, ಸಿಪ್ಪೆ ಸಮೇತ ಒಣಗಿದ ಚೆರ್ರಿಯಾಗಿಯೇ ಮಾರಿದೆವು.

ನಾನು ಹಂಡೆಯ ಮುಂದಿದ್ದೆ. ಅಡಿಕೆ ಬೇಯಿಸುವುದನ್ನು ಕಂಡಿಲ್ಲದವರಿಗೆ ಹೇಳುತ್ತೇನೆ: ತಾಮ್ರದ ಹಂಡೆಯಲ್ಲಿ ನೀರಿನ ಜೊತೆ ಹಳೆಯ ಚೊಗರು ಹಾಕುತ್ತೇವೆ. ಅಡಿಕೆಯೇ ಬಿಟ್ಟುಕೊಟ್ಟ ಆ ಗಟ್ಟಿ ಕೆಂಪು ರಸವೇ ಮುಂದಿನ ಅಡಿಕೆಗೆ ಬಣ್ಣ ಕೊಡುವುದು. ಕುದಿ ಹತ್ತಿದಾಗ ಮೇಲೆ ಕಂದು ನೊರೆ ಏಳುತ್ತದೆ, ಗಂಟಲಿಗೆ ಒಗರು ಹತ್ತುವಂಥ ಹಬೆ. ಉರಿ ಒಂದೇ ಸಮ ಇರಬೇಕು. ಆಗಾಗ ಜಾಲರಿಯ ಸೌಟಿನಲ್ಲಿ ನಾಲ್ಕು ಎತ್ತಿ, ಒಂದನ್ನು ಕತ್ತರಿಸಿ, ಒಳಗಿನ ತನಕ ಬೆಂದಿದೆಯೇ ಎಂದು ನೋಡಬೇಕು. ಕಡಿಮೆ ಬೆಂದರೆ ಹುಳ ಬೀಳುವ ಭಯ, ಹೆಚ್ಚು ಬೆಂದರೆ ತೂಕ ಹೋಗುತ್ತದೆ. ಹೊರಗೆ ಅಷ್ಟೆಲ್ಲ ಕೂಗಾಟ ನಡೆಯುತ್ತಿದ್ದರೂ ಒಲೆಯ ಮುಂದೆ ಕೂತಿದ್ದು ನನಗೆ ಆ ಹೊತ್ತಿನಲ್ಲಿ ಕಷ್ಟವೇ ಆಯಿತು. ಆದರೆ ಹಂಡೆಯಲ್ಲಿದ್ದದ್ದು ಒಂದು ದಿನದ ಪೂರ್ತಿ ಸುಲಿತ. ಬೆಳಗ್ಗೆ ಅತ್ತೆ ಹೊಸ ಗೊನೆ ಮುಟ್ಟಬೇಡಿ ಎಂದಿದ್ದರಿಂದಲೇ ಆ ಒಂದೇ ಹಂಡೆಗೆ ಎಲ್ಲ ಮುಗಿಯಿತು.

ಮಳೆ ಬಿಡದೆ ಮತ್ತೆ ಮತ್ತೆ ಬಂತು. ಬೆಂದ ಅಡಿಕೆಯನ್ನು ಒಲೆಮನೆಯ ಮೇಲಿನ ಅಟ್ಟಕ್ಕೆ ಏರಿಸಿ ಕೆಳಗೆ ಬೆಂಕಿ ಹಾಕಿದೆವು. ಮಳೆಗಾಲ ಮುಗಿಯುವ ಮೊದಲೇ ಬರುವ ಮೊದಲ ಕೊಯ್ಲಿಗೆಂದು ಕಟ್ಟಿದ ಅಟ್ಟ ಅದು, ಜನವರಿಯಲ್ಲಿ ಅದರ ಅಗತ್ಯ ಬಿದ್ದದ್ದನ್ನು ಅತ್ತೆಯೂ ಕಂಡಿರಲಿಲ್ಲವಂತೆ. ಮೈದುನ ಹಗಲು ಮೀಟಿಂಗ್ ಮುಗಿಸಿ ರಾತ್ರಿ ಹೊತ್ತು ಆ ಬೆಂಕಿ ಕಾದ. ಕೊಟ್ಟಿಗೆಗೆಂದು ಬೆಟ್ಟದಲ್ಲಿ ಗುಡಿಸಿಟ್ಟಿದ್ದ ದರಗು, ಅಂದರೆ ಒಣ ಎಲೆ, ನೆಂದು ಭಾರವಾಗಿ, ಅದನ್ನು ಹೊತ್ತು ತರುವುದೇ ಆಗಲಿಲ್ಲ. ದನಗಳ ಕಾಲಡಿ ಸುಮಾರು ದಿನ ಬರೀ ಸೊಪ್ಪು.

ನಿಜವಾದ ಪೆಟ್ಟು ಬಿದ್ದದ್ದು ಮಳೆ ನಿಂತ ಮೇಲೆ. ಗಿಡದಲ್ಲಿದ್ದ ಅರೇಬಿಕಾ ಹಣ್ಣು ಒಡೆದು ಉದುರಿತು. ಉದುರು ಹಣ್ಣನ್ನು ಆಯದೆ ಬಿಟ್ಟರೆ ಕಾಯಿಕೊರಕ ಹುಳ ಅದರಲ್ಲೇ ಉಳಿದು ಮುಂದಿನ ಫಸಲಿಗೆ ಹತ್ತುತ್ತದೆ, ಹಾಗಾಗಿ ಬಗ್ಗಿ ಒಂದೊಂದೇ ಆಯಬೇಕಾಯಿತು. ಕುಯ್ಯುವುದಕ್ಕಿಂತ ಹೆಚ್ಚು ಕೂಲಿ ಅದಕ್ಕೇ ಹೋಯಿತು. ವಾರ ಕಳೆದು ಸ್ವಲ್ಪ ದಿನಕ್ಕೆ ರೊಬಸ್ಟಾ ಗುಡ್ಡ ಪೂರ್ತಿ ಬೆಳ್ಳಗೆ ಹೂವಾಯಿತು. ಮಾರ್ಚ್ ಹೊತ್ತಿಗೆ ಬರಬೇಕಾದ ಹೂವು ಅದು. ಅದೇ ಕೊಂಬೆಯಲ್ಲಿ ಕುಯ್ಯದ ಕೆಂಪು ಹಣ್ಣೂ ಇತ್ತು. ಹಣ್ಣಿಗೆ ಕೈಹಾಕಿದರೆ ಹೂ ಉದುರುತ್ತದೆ, ಹೂವಿಗಾಗಿ ಕಾದರೆ ಹಣ್ಣು ಒಣಗಿ ಬೀಳುತ್ತದೆ. ನಾವು ಹೂವಿಗಾಗಿ ಕಾದೆವು. ಆಮೇಲೆ ಸ್ಪ್ರಿಂಕ್ಲರ್ ನೀರು ತಲುಪಿದಷ್ಟು ಜಾಗದಲ್ಲಿ ಕಾಯಿ ಕಚ್ಚಿತು, ಗುಡ್ಡದ ನೆತ್ತಿಯಲ್ಲಿ ಹೂವು ಸುಟ್ಟುಹೋಯಿತು. ಕಚ್ಚಿದ ಕಾಯಿಯೂ ಒಂದೇ ಸಲ ಹಣ್ಣಾಗದೆ, ಮುಂದಿನ ಚಳಿಗಾಲದಲ್ಲಿ ಅದೇ ಗಿಡಗಳಿಗೆ ಮತ್ತೆ ಮತ್ತೆ ಆಳು ಕರೆಯಬೇಕಾಯಿತು.

ಮೆಣಸಿಗೆ ಮಾತ್ರ ಏನೂ ಆಗಲಿಲ್ಲ. ಕಾಯುತ್ತಲೇ ಇತ್ತು. ಫೆಬ್ರವರಿ ಕೊನೆಗೆ ಒಂಟಿ ಬಿದಿರಿನ ಏಣಿ ಹಾಕಿ ಕುಯ್ದೆವು. ಆ ವರ್ಷ ಸಹಕಾರಿ ಸಂಘದ ಸಾಲದ ಕಂತು ಕಟ್ಟಿದ್ದು ಮೆಣಸು, ಅಡಿಕೆಯ ದುಡ್ಡಿನಲ್ಲೇ.

ಈಗ ಅತ್ತೆಗೆ ಮಂಡಿನೋವು, ಬೆಳಗಿನ ತೀರ್ಮಾನ ನನ್ನ ಪಾಲಿಗೆ ಬಂದಿದೆ. ಚಪ್ಪರದ ಮೇಲೆ ಪಾರದರ್ಶಕ ಶೀಟು ಹೊದಿಸಿದ್ದೇವೆ, ಟಾರ್ಪಾಲಿನ ಓಟ ಅಷ್ಟರಮಟ್ಟಿಗೆ ತಪ್ಪಿದೆ. ಸುತ್ತಲಿನ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ, ನಮ್ಮ ಗದ್ದೆಗೂ ಸಸಿ ಇಡೋಣ ಎಂದು ಮನೆಯಲ್ಲಿ ಮಾತು ಬಂತು. ಭತ್ತದಲ್ಲಿ ಲಾಭವಿಲ್ಲ ಎನ್ನುವುದು ನನಗೂ ಗೊತ್ತು. ಆದರೆ ಹಳದಿ ಎಲೆ ರೋಗದ ಜೊತೆಗೆ ಈಗ ಎಲೆಚುಕ್ಕಿ ರೋಗವೂ ಈ ಸೀಮೆಗೆ ಬಂದು ಕೂತಿದೆ. ದನಕ್ಕೆ ಹುಲ್ಲು, ಮನೆಗೆ ಅಕ್ಕಿ ಕೊಡುವ ನೆಲ ಅದೊಂದೇ. ಈ ಸಲವೂ ನಾಟಿಯನ್ನೇ ಮಾಡುವುದು ಎಂದು ಹೇಳಿದ್ದೇನೆ. ಗಂಡ ಒಪ್ಪಿದ್ದಾರೆ, ಮೈದುನನನ್ನು ಇನ್ನೂ ಒಪ್ಪಿಸಬೇಕು.