ಭಾರದ ಕಲ್ಲು

ಅವ್ವನ ಉಪ್ಪಿನಕಾಯಿ ಭರಣಿ ಮೇಲಿನ ಕಲ್ಲನ್ನು ನಾನು ತಪ್ಪು ದಿಕ್ಕಿಗೆ ಕೊಯ್ದುಬಿಟ್ಟೆ. ಮೂರು ವರ್ಷವಾಯಿತು. ಕಲ್ಲಿನ ಹುಚ್ಚಿನ ಬಗ್ಗೆ ಏನೇನೋ ಬರೆದಿದ್ದೇನೆ, ಇದನ್ನು ಮಾತ್ರ ನಾಚಿಕೆಗೆ ಬರೆದಿರಲಿಲ್ಲ.

ಸಂಡೂರಿನ ನಮ್ಮ ಮನೆಯಲ್ಲಿ ಆ ಕಲ್ಲು ನಾನು ಹುಟ್ಟುವ ಮುಂಚಿನಿಂದಲೂ ಇತ್ತು. ಅಪ್ಪ ಗಣಿಯಲ್ಲಿ ಫಿಟ್ಟರ್. ಒಂದು ದಿನ ಟಿಫಿನ್ ಚೀಲದಲ್ಲಿ ಹಾಕಿಕೊಂಡು ಬಂದನಂತೆ. ಉಪ್ಪು ಸವರಿದ ಮಾವಿನಹೋಳಿನ ಮೇಲೆ ತಟ್ಟೆ, ತಟ್ಟೆಯ ಮೇಲೆ ಅದು. ಒಂದೂವರೆ ಕಿಲೋ ತೂಗುತ್ತಿತ್ತು. ನಮಗೆ ಅದು ‘ಭಾರದ ಕಲ್ಲು’, ಅಷ್ಟೇ. ನಲವತ್ತು ವರ್ಷ ಕಣ್ಣೆದುರಿಗಿದ್ದದ್ದನ್ನು ನಾನು ನಿಜವಾಗಿ ನೋಡಿದ್ದು ಒಂದು ಬೇಸಿಗೆಯಲ್ಲಿ, ನಲ್ಲಿ ಕೆಳಗೆ ಹಿಡಿದು ತಿಕ್ಕುವಾಗ. ಎಣ್ಣೆ ಜಿಡ್ಡು ಹೋಗಿ ನೀರು ಹರಿದಾಗ ಕೆಂಪು, ಕಪ್ಪು, ಮತ್ತೆ ಕೆಂಪು, ನಡುವೆ ಕೂದಲೆಳೆಯಷ್ಟು ಬೂದು. ಒಂದು ತುದಿಯಲ್ಲಿ ಆ ಗೆರೆಗಳೆಲ್ಲ ಹೇರ್‌ಪಿನ್ ಹಾಗೆ ಬಾಗಿ ವಾಪಸ್ಸು ಬಂದಿದ್ದವು.

ಸಂಡೂರಿನ ಗುಡ್ಡಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಆ ಗುಡ್ಡಗಳಲ್ಲಿ ಅದಿರಿನ ಜೊತೆಗೇ ಪಟ್ಟೆಪಟ್ಟೆ ಕಬ್ಬಿಣದ ಶಿಲೆ ಇದೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ ಅಂತ ಕೂತು ಆದದ್ದು. ಕೆಂಪು ಪಟ್ಟೆ ಜಾಸ್ಪರ್ ಅನ್ನುವ ಸಿಲಿಕಾ ಕಲ್ಲು, ಕಪ್ಪು ಪಟ್ಟೆ ಹೆಮಟೈಟ್ ಅನ್ನುವ ಕಬ್ಬಿಣದ ಖನಿಜ, ಕೆಲವು ಕಪ್ಪಿಗೆ ಅಯಸ್ಕಾಂತವೂ ಅಂಟುತ್ತದೆ. ಆಮೇಲೆ ಭೂಮಿ ಆ ಪದರಗಳನ್ನು ಎರಡೂ ಕಡೆಯಿಂದ ಒತ್ತಿತು, ಅವು ಮಡಿಚಿಕೊಂಡವು. ಅದಿರಿಗೆಂದು ಬಂದ ಲಾರಿಗಳಿಗೆ ಈ ಪಟ್ಟೆಕಲ್ಲು ಬರೀ ಕಸ. ಪಾಲಿಶ್ ಮಾಡುವವರಿಗೆ ಇದಕ್ಕಿಂತ ಚೆಂದದ್ದು ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ ಅಂತ ನನ್ನ ಅಭಿಪ್ರಾಯ. ಬೇರೆಯವರು ಜಗಳ ಆಡಬಹುದು.

ಅವ್ವನ್ನ ಕೇಳಿದೆ. “ಒಯ್ಯಿ. ಅಷ್ಟ ಭಾರದ್ದು ಇನ್ನೊಂದು ತಂದಿಟ್ಟು ಒಯ್ಯಿ” ಅಂದಳು. ಒಂದು ಗ್ರಾನೈಟ್ ತುಂಡು ತಂದುಕೊಟ್ಟೆ. ಅದು ಅವಳಿಗೆ ಸರಿಬರಲಿಲ್ಲ. “ಇದು ಕುಂಡ್ರಂಗಿಲ್ಲ” ಅಂತ ಇವತ್ತಿಗೂ ಹೇಳುತ್ತಾಳೆ.

ನನ್ನ ಗರಗಸ ಮೈಸೂರಿನ ಮನೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿದೆ. ಎಂಟು ಇಂಚಿನ ಬ್ಲೇಡು, ಅರ್ಧ ಎಚ್‌ಪಿ ಮೋಟರು, ಜೈಪುರದಿಂದ ಲಾರಿ ಪಾರ್ಸೆಲ್‌ನಲ್ಲಿ ಬಂದದ್ದು. ಗರಗಸ ಅಂದರೂ ಅದಕ್ಕೆ ಹಲ್ಲಿಲ್ಲ. ಅಂಚಿನಲ್ಲಿ ವಜ್ರದ ಪುಡಿ ಕೂರಿಸಿದ ತಗಡು, ಕೆಳಗಿನ ತೊಟ್ಟಿಯ ನೀರಲ್ಲಿ ಅದ್ದಿಕೊಂಡು ತಿರುಗುತ್ತದೆ. ಅದು ಕಲ್ಲನ್ನು ಕೊಯ್ಯುವುದಕ್ಕಿಂತ ಸವೆಸುತ್ತದೆ. ಸವೆದದ್ದು ಹೋಯಿತೆಂದೇ ಲೆಕ್ಕ: ಪ್ರತಿ ಸೀಳಿಗೂ ಒಂದು ಮಿಲಿಮೀಟರಿಗಿಂತ ಹೆಚ್ಚು ಕಲ್ಲು ಕೆಸರಾಗುತ್ತದೆ.

ಹೆಮಟೈಟ್ ಇರುವ ಕಲ್ಲಿನ ಕೆಸರು ಕೆಂಪು ಅಂತ ಓದಿ ಗೊತ್ತಿತ್ತು. ಅಷ್ಟು ಕೆಂಪು ಅಂತ ಗೊತ್ತಿರಲಿಲ್ಲ. ಹತ್ತು ನಿಮಿಷಕ್ಕೆ ತೊಟ್ಟಿ ಓಕುಳಿ. ನನ್ನ ಏಪ್ರನ್, ಕನ್ನಡಕ, ಗೋಡೆ, ಒಣಗಲು ಹಾಕಿದ ಯಜಮಾನರ ಬನಿಯನ್, ಎಲ್ಲಾ. ಮಹಡಿ ಮೇಲಿಂದ ಪಕ್ಕದ ಮನೆಯಾಕೆ ಇಣುಕಿ ನೋಡಿ ಏನೂ ಕೇಳದೆ ಒಳಗೆ ಹೋದರು. ಸಂಜೆ ಯಜಮಾನರನ್ನು ಗೇಟಿನ ಹತ್ತಿರ ನಿಲ್ಲಿಸಿ “ಮನೇಲಿ ಎಲ್ಲಾ ಆರಾಮಾ?” ಅಂದರಂತೆ.

ಮೊದಲ ಸ್ಲ್ಯಾಬ್ ಬಿತ್ತು. ತೊಳೆದು ನೋಡಿದೆ. ನೇರ ಗೆರೆ. ಸ್ಕೇಲ್ ಇಟ್ಟು ಎಳೆದ ಹಾಗೆ ಮೇಲಿಂದ ಕೆಳಗೆ ಕೆಂಪು, ಕಪ್ಪು, ಕೆಂಪು. ಆ ಬಾಗು ಎಲ್ಲಿ? ಇನ್ನೂ ಒಳಗಿರಬೇಕು ಅಂದುಕೊಂಡು ಎರಡನೆಯದು ಕೊಯ್ದೆ. ನೇರ ಗೆರೆ. ಮೂರನೆಯದು ಕೊಯ್ದದ್ದು ಮಾತ್ರ ಶುದ್ಧ ಹಟ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಆಗಿದ್ದೇನು ಅಂತ ಹೊಳೆದದ್ದು ಆ ರಾತ್ರಿ, ಬೀರು ಮುಂದೆ. ಮಡಿಚಿಟ್ಟ ಸೀರೆಯನ್ನು ಎದುರಿನಿಂದ ನೋಡಿದರೆ ಮಡಿಕೆಯೇ ಕಾಣುವುದಿಲ್ಲ, ಅಂಚು ನೇರವಾಗಿ ಓಡುತ್ತದೆ. ಪಕ್ಕಕ್ಕೆ ಹೋಗಿ ನೋಡಿದರೆ ಒಂದರ ಮೇಲೊಂದು ಬಾಗು. ಮಡಿಚಿದ ಕಲ್ಲೂ ಅಷ್ಟೇ. ಮಡಿಕೆಯ ಬೆನ್ನುಮೂಳೆ ಯಾವ ಕಡೆ ಓಡುತ್ತದೋ ಅದಕ್ಕೆ ಅಡ್ಡಲಾಗಿ ಕೊಯ್ದರೆ ಹೇರ್‌ಪಿನ್ ಕಾಣುತ್ತದೆ, ಅದರ ಉದ್ದಕ್ಕೆ ಕೊಯ್ದರೆ ಪಟಾಪಟಿ ಚಡ್ಡಿಯ ಬಟ್ಟೆ. ನನಗೆ ಸಿಕ್ಕಿದ್ದು ಚಡ್ಡಿ. ಬಾಗು ಹೊರಗಿನ ತುದಿಯಲ್ಲೇ ಕಾಣುತ್ತಿತ್ತು, ಕಲ್ಲು ಬಾಯಿಬಿಟ್ಟು ಹೇಳಿತ್ತು. ಉದ್ದನೆಯ ಸ್ಲ್ಯಾಬ್ ಸಿಗಲಿ ಅಂತ ನಾನು ಉದ್ದಕ್ಕೇ ಹಿಡಿದಿದ್ದೆ.

ಕಲ್ಲುಗಳ ವಿಚಾರದಲ್ಲಿ ನಾನೇನು ಹೊಸಬಳಲ್ಲ, ಹೊಟ್ಟೆ ಉರಿಯುವುದು ಅದಕ್ಕೇ. 2009ರಲ್ಲಿ ಬ್ಯಾಂಕಿನವರು ಇಂಡಿಗೆ ವರ್ಗ ಮಾಡಿದರು. ಹೋಗುವಾಗ ಅತ್ತಿದ್ದೆ. ಅಲ್ಲಿ ಭಾನುವಾರ ಮಾಡಲು ಏನೂ ಇಲ್ಲದೆ ಒಬ್ಬ ಗ್ರಾಹಕರ ಹೊಲಕ್ಕೆ ಹೋದೆ, ಹೊಲ ಭೀಮೆಯ ದಂಡೆಗಿತ್ತು. ಏಪ್ರಿಲ್, ನದಿ ಸೊರಗಿ ಮರಳು ಜಲ್ಲಿ ಎದ್ದಿತ್ತು. ಅವರ ಹತ್ತು ವರ್ಷದ ಮಗ ಒಂದು ಕಲ್ಲೆತ್ತಿ ಸೂರ್ಯನಿಗೆ ಹಿಡಿದು “ಬೆಲ್ಲದಂಗ ಐತಿ ನೋಡ್ರಿ” ಅಂದ. ನಿಜಕ್ಕೂ ಬೆಲ್ಲದ ಹಾಗೇ ಇತ್ತು. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ದಖನ್ನಿನ ಲಾವಾ ಆರುವಾಗ ಉಳಿದ ಗುಳ್ಳೆಗಳಲ್ಲಿ ಸಿಲಿಕಾ ಪದರಪದರವಾಗಿ ತುಂಬಿ ಆದ ಅಗೇಟು. ಸುತ್ತಲ ಕಪ್ಪುಕಲ್ಲು ಕೊಳೆತು ಎರೆಮಣ್ಣಾದರೂ ಇದು ಕೊಳೆಯುವುದಿಲ್ಲ, ಉರುಳಿಕೊಂಡು ನದಿಗೆ ಬರುತ್ತದೆ. ಹಳೇ ಕಾಲದವರಿಗೂ ಗೊತ್ತಿದ್ದದ್ದೇ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಗೆದಾಗ ಅಗೇಟು, ಅದರದ್ದೇ ಜಾತಿಯ ಕೆಂಪು ಕಾರ್ನೀಲಿಯನ್ ಮಣಿಗಳು ಸಿಕ್ಕಿವೆ. ಮೋಟರಿಲ್ಲದೆ, ಕರೆಂಟಿಲ್ಲದೆ ಅವುಗಳಿಗೆ ತೂತು ಕೊರೆದವರ ತಾಳ್ಮೆ ನೆನೆದರೆ ನನ್ನ ಮೂರನೇ ಸ್ಲ್ಯಾಬು ನೆನಪಾಗುತ್ತದೆ.

ಇಂಡಿಯಲ್ಲಿದ್ದ ಮೂರು ವರ್ಷದಲ್ಲಿ ಕಲಿತದ್ದು ಬಹಳ. ಬೆಳಿಗ್ಗೆ ಏಳಕ್ಕೆ ಸೂರ್ಯನ ಕಡೆ ಮುಖ ಮಾಡಿ ನಡೆಯಬೇಕು, ಬೆಳಕು ತೂರುವ ಕಲ್ಲು ದೂರದಿಂದಲೇ ಹೊಳೆಯುತ್ತದೆ. ಬೆನ್ನು ಹಾಕಿ ನಡೆದರೆ ಎಲ್ಲಾ ಕಲ್ಲೂ ಒಂದೇ. ಒಣಕಲ್ಲು ಸುಳ್ಳು ಹೇಳುತ್ತದೆ, ಒದ್ದೆಕಲ್ಲು ನಿಜ. ಪಾಲಿಶ್ ಆದಮೇಲೆ ಹೇಗೆ ಕಾಣುತ್ತದೆ ಅಂತ ತಿಳಿಯಲು ನೀರು ಹಾಕಿ ನೋಡಬೇಕು, ನೀರಿಲ್ಲದಿದ್ದರೆ ನಾಲಗೆ. ನಾನು ಕಲ್ಲು ನೆಕ್ಕುವುದನ್ನು ನೋಡಿ ಆ ಹುಡುಗ ಊರೆಲ್ಲ ಹೇಳಿಬಂದ. “ಕಲ್ಲು ನೆಕ್ಕೂ ಮೇಡಂ” ಅಂತಲೇ ನಾನು ಅಲ್ಲಿ ಹೆಸರುವಾಸಿ. ಬಿರುಕು ಹುಡುಕಲು ಇನ್ನೊಂದು ಉಪಾಯವಿದೆ: ಕೊಯ್ದ ಸ್ಲ್ಯಾಬನ್ನು ತೋಯಿಸಿ ಆರಲು ಬಿಡಿ. ಮೈ ಆರಿದ ಮೇಲೂ ಬಿರುಕಿನಲ್ಲಿ ನೀರು ನಿಂತು ಕಪ್ಪು ಗೆರೆಯಾಗಿ ಉಳಿಯುತ್ತದೆ. ಅಲ್ಲಿ ಪದಕ ಮಾಡಲು ಹೋಗಬೇಡಿ, ಕೊನೇ ಪಾಲಿಶ್‌ನಲ್ಲಿ ಕೈಕೊಡುತ್ತದೆ.

ಎಲ್ಲಿಂದ ಬೇಕಾದರೂ ಎತ್ತಿಕೊಂಡು ಬರುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಹೊಲವಾದರೆ ಹೊಲದವರನ್ನು, ಕ್ವಾರಿಯಾದರೆ ಮಾಲೀಕರನ್ನು ಕೇಳುತ್ತೇನೆ. ಕಾಡಿನಿಂದ ತರುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಲಾವಾ (ನೀರಿನಡಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ), ಲಾಲ್‌ಬಾಗಿನ ಬಂಡೆ ಇವೆಲ್ಲ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು, ಅಲ್ಲಿ ಸುತ್ತಿಗೆ ಚೀಲದಿಂದ ಹೊರಗೆ ಬರಬಾರದು. ಮರಡಿಹಳ್ಳಿ ದಿಂಬುಗಳ ಎದುರು ಯಾರೋ ಹೆಸರು ಕೊರೆಯುವುದನ್ನು ಕಂಡು ಒಮ್ಮೆ ಬೈದಿದ್ದೇನೆ. ಬೈಸಿಕೊಂಡವರು ವಯಸ್ಸಿನಲ್ಲಿ ನನಗಿಂತ ದೊಡ್ಡವರು.

ದುಡ್ಡು ಕೊಟ್ಟು ತಂದ ಕಲ್ಲುಗಳ ಕಥೆ ಬೇರೆ. ‘ಅಪರೂಪದ ಗುಲಾಬಿ ಅಗೇಟು’ ಅಂತ ಆನ್‌ಲೈನಿನಲ್ಲಿ ಒಬ್ಬರು ಮಾರಿದ್ದು, ಅಸಿಟೋನ್ ಹಚ್ಚಿ ಒರೆಸಿದರೆ ಗುಲಾಬಿ ಬಣ್ಣ ಹತ್ತಿಗೆ ಬಂತು. ಅಗೇಟಿನ ಕೆಲವು ಪದರಗಳಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಬಣ್ಣ ಕುಡಿಯುತ್ತವೆ. ಪಕ್ಕದ ಪದರ ಕುಡಿಯುವುದಿಲ್ಲ. ಹಾಗಾಗಿ ಬಣ್ಣ ಹಾಕಿದ್ದೂ ಪಟ್ಟೆಪಟ್ಟೆಯಾಗಿ ನಿಜದಂತೆಯೇ ಕಾಣುತ್ತದೆ. ದುಡ್ಡು ವಾಪಸ್ಸು ಬರಲಿಲ್ಲ.

ನಮ್ಮ ಮೈಸೂರು ಸೀಮೆಯ ಹೆಸರಲ್ಲಿ ಲೋಕವೆಲ್ಲ ಮಾರಾಟವಾಗುವ ಹಸಿರು-ಕೆಂಪು ಕಲ್ಲೊಂದಿದೆ, ಹಸಿರು ಫುಕ್ಸೈಟ್ ಅಭ್ರಕದಲ್ಲಿ ಕೂತ ಮಾಣಿಕ್ಯ. ಜೋಯ್ಸೈಟ್ ಅನ್ನುವ ಇನ್ನೊಂದು ಹಸಿರು ಖನಿಜದಲ್ಲಿ ಕೂತ ಟಾಂಜಾನಿಯಾದ ಮಾಣಿಕ್ಯದ ಜೊತೆ ಜನ ಗಲಿಬಿಲಿ ಮಾಡಿಕೊಳ್ಳುತ್ತಾರೆ. ನಮ್ಮದರಲ್ಲಿ ಎಷ್ಟೋ ಸಲ ಮಾಣಿಕ್ಯದ ಸುತ್ತ ಕಯನೈಟ್ ಅನ್ನುವ ನೀಲಿ ಖನಿಜದ ಬಳೆ ಇರುತ್ತದೆ, ಅದೇ ಗುರುತು. ನೋಡಲು ವೀಳ್ಯದೆಲೆ ಮೇಲೆ ಕುಂಕುಮ ಇಟ್ಟ ಹಾಗೆ. ಪಾಲಿಶ್ ಮಾಡಲು ಮಾತ್ರ ನರಕ. ಗಡಸುತನದ ಅಳತೆಯಲ್ಲಿ ಮಾಣಿಕ್ಯ 9, ಫುಕ್ಸೈಟ್ 2ರಿಂದ 3, ಅಂದರೆ ಹೆಚ್ಚುಕಡಿಮೆ ಉಗುರಿನಷ್ಟೇ ಗಟ್ಟಿ. ತೇಯಲು ಹಿಡಿದರೆ ಹಸಿರು ತಗ್ಗುತ್ತದೆ, ಕೆಂಪು ಮೊಡವೆಯಂತೆ ಎದ್ದು ನಿಲ್ಲುತ್ತದೆ. ನನ್ನ ಮೊದಲನೆಯದು ಗುಂಡಿ ಬಿದ್ದ ರಸ್ತೆ. ಈಗ ಸ್ಲ್ಯಾಬಿಗೆ ಮೊದಲು ತೆಳ್ಳನೆ ಎಪಾಕ್ಸಿ ಅಂಟು ಕುಡಿಸುತ್ತೇನೆ, ಮೆತ್ತನೆ ಪ್ಯಾಡು ಬಿಟ್ಟು ಗಟ್ಟಿ ತಟ್ಟೆಯ ಮೇಲೆ ವಜ್ರದ ಪುಡಿಯಲ್ಲೇ ಹಗುರವಾಗಿ ಆಡಿಸುತ್ತೇನೆ. ಆದರೂ ಬೆರಳಾಡಿಸಿದರೆ ಉಬ್ಬು ಗೊತ್ತಾಗುತ್ತದೆ. ಒಪ್ಪಿಕೊಂಡಿದ್ದೇನೆ.

ದಿಕ್ಕಿನ ಪಾಠವನ್ನು ನಿಜವಾಗಿ ಕಲಿಸಿದ್ದು ಖಂಭಾತ್. ಎಲ್‌ಟಿಸಿಯಲ್ಲಿ (ನೌಕರರಿಗೆ ಕೊಡುವ ರಜಾ ಪ್ರವಾಸ ಸೌಲಭ್ಯ) ಗುಜರಾತಿಗೆ ಹೋಗಿದ್ದೆವು, ಯಜಮಾನರಿಗೆ ಸೋಮನಾಥ, ನನಗೆ ಖಂಭಾತ್ ಅಂತ ಒಪ್ಪಂದ. ಭರೂಚ್ ಜಿಲ್ಲೆಯ ರತನ್‌ಪುರದ ಕಡೆಯಿಂದ ಅಕೀಕು, ಅಂದರೆ ಅಗೇಟು, ಅಲ್ಲಿಗೆ ಬರುತ್ತದೆ. ಬಿಸಿಲಿಗೆ ಒಣಗಿಸಿ, ಮಡಕೆಯಲ್ಲಿಟ್ಟು ಸುಟ್ಟು ಹಳದಿಯನ್ನು ಕೆಂಪು ಮಾಡುತ್ತಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊಳೆಗೆ ಕಲ್ಲನ್ನು ಆನಿಸಿ, ಕೋಣದ ಕೊಂಬಿನ ಸುತ್ತಿಗೆಯಿಂದ ಮೆಲ್ಲಗೆ ಹೊಡೆದರೆ ಚಕ್ಕೆ ಏಳುತ್ತದೆ. ಒಬ್ಬ ಮುದುಕರ ಪಕ್ಕ ಒಂದು ತಾಸು ಕೂತೆ. ಅವರು ಕಲ್ಲನ್ನು ಎತ್ತಿದ ತಕ್ಷಣ ಹೊಡೆಯುತ್ತಿರಲಿಲ್ಲ. ಮೂಲೆಯಲ್ಲಿ ಒಂದೇ ಚಕ್ಕೆ ತೆಗೆದು ಆ ಕಿಟಕಿಯಲ್ಲಿ ಒಳಗೆ ನೋಡುವುದು, ತಿರುಗಿಸುವುದು, ಮತ್ತೆ ನೋಡುವುದು. ಕೆಲವನ್ನು ಸುಮ್ಮನೆ ಪಕ್ಕಕ್ಕಿಟ್ಟರು. ನಮ್ಮಿಬ್ಬರಿಗೂ ಸರಿಯಾದ ಹಿಂದಿ ಬರುತ್ತಿರಲಿಲ್ಲ, ಯಾಕೆ ಅಂತ ಕೇಳಲಾಗಲಿಲ್ಲ. ಅವರು ಕೆಮ್ಮುತ್ತಿದ್ದರು. ಒಣಗಿದ ಕಲ್ಲಿನ ಪುಡಿ ಪುಪ್ಪುಸ ತಿನ್ನುತ್ತದೆ, ಖಂಭಾತಿನಲ್ಲಿ ಆ ರೋಗಕ್ಕೆ ಬಲಿಯಾದ ಮನೆಗಳು ಬಹಳ. ನಾನು ಒಣಗಿಸಿ ತೇಯುವುದೇ ಇಲ್ಲ, ಕೆಸರು ಒಣಗುವ ಮೊದಲೇ ನೆಲ ತೊಳೆಯುತ್ತೇನೆ. ತೊಳೆದ ನೀರನ್ನು ಮೋರಿಗೆ ಬಿಡುವಂತಿಲ್ಲ. ಒಮ್ಮೆ ಬಿಟ್ಟು ಪೈಪು ಸಿಮೆಂಟು ಹಾಕಿದಂತೆ ಕಟ್ಟಿತು, ಅದನ್ನು ಒಡೆದು ತೆಗೆದ ಪ್ಲಂಬರ್ “ಏನಮ್ಮಾ, ಒಳಗೆ ಕ್ವಾರಿ ಇಟ್ಟಿದ್ದೀರಾ” ಅಂದ. ಈಗ ಹಳೇ ಪೇಂಟ್ ಬಕೆಟ್ಟಿನಲ್ಲಿ ತಿಳಿಯಾಗಲು ಇಡುತ್ತೇನೆ.

ಅವ್ವನ ಕಲ್ಲಿನಲ್ಲಿ ಮುಷ್ಟಿಯಷ್ಟು ಉಳಿದಿತ್ತು. ಎಂಟು ತಿಂಗಳು ಮುಟ್ಟಲಿಲ್ಲ. ಆಮೇಲೆ ಅಡ್ಡಲಾಗಿ, ಆ ಬೆನ್ನುಮೂಳೆಗೆ ಲಂಬವಾಗಿ, ಆರು ಮಿಲಿಮೀಟರಿನ ನಾಲ್ಕು ಚೂರು ತೆಗೆದೆ. ಬಾಗು ಬಂತು. ಕೆಂಪಿನೊಳಗೆ ಕಪ್ಪು, ಕಪ್ಪಿನೊಳಗೆ ಕೆಂಪು, ಒಂದರೊಳಗೊಂದು ತೂರಿಸಿದ ಬಳೆಗಳ ಹಾಗೆ; ಒಂದು ಕಡೆ ಒತ್ತಡ ತಾಳದೆ ಪದರ ಮುರಿದು, ಮುರಿದ ಜಾಗದಲ್ಲಿ ಬಿಳಿ ಸ್ಫಟಿಕ ತುಂಬಿಕೊಂಡಿದೆ. ತೇಯುವ ಪುಡಿಯನ್ನು ಒರಟಾದ 80ನೇ ನಂಬರಿನಿಂದ ಶುರುಮಾಡಿ ನುಣ್ಣಗಾಗುತ್ತ 220, 400, 600, 1200, ಕೊನೆಗೆ ಹೊಳಪಿಗೆ ಸೀರಿಯಂ ಆಕ್ಸೈಡ್ ಪುಡಿ. ಕಪ್ಪು ಪಟ್ಟೆ ಕನ್ನಡಿಯಾಯಿತು. ಒಂದನ್ನು ಬೆಳ್ಳಿಯಲ್ಲಿ ಕೂರಿಸಿ ಅವ್ವನಿಗೆ ಕೊಟ್ಟೆ. ಹೊರಳಿಸಿ ನೋಡಿದಳು. “ಚೆಂದ ಐತಿ. ನಿಮ್ಮಪ್ಪ ಇದನ್ನ ನೋಡಿದ್ದಿಲ್ಲ” ಅಂದಳು. ಸ್ವಲ್ಪ ಹೊತ್ತಾದ ಮೇಲೆ, “ಉಳಿದದ್ದು ಕೊಡು, ಭರಣಿ ಮ್ಯಾಲೆ ಇಡತೀನಿ.” ಉಳಿದದ್ದು ನೂರು ಗ್ರಾಂ ಇರಲಿಲ್ಲ.

ಇಂಡಿಯಿಂದ ತಂದ ಕಲ್ಲುಗಳಲ್ಲಿ ಒಂದನ್ನು ಈವರೆಗೂ ಕೊಯ್ದಿಲ್ಲ. ತೆಂಗಿನಕಾಯಿಯ ಅರ್ಧದಷ್ಟಿದೆ. ಖಂಭಾತಿನ ಮುದುಕರಂತೆ ಮೂಲೆಯಲ್ಲಿ ಒಂದು ಕಿಟಕಿ ತೆರೆದಿದ್ದೇನೆ, ಒಳಗೆ ಜೇನು ಬಣ್ಣ, ಅದರಲ್ಲಿ ಕಪ್ಪು ಕವಲು. ಆ ಕವಲು ಗಿಡವಲ್ಲ, ಬಿರುಕಿನ ತೆಳುಹಾಳೆಯಲ್ಲಿ ಹರಡಿದ ಮ್ಯಾಂಗನೀಸ್. ಹಾಳೆಯ ಜೊತೆಜೊತೆಗೆ ಕೊಯ್ದರೆ ಆಲದ ಮರವೇ ಸಿಕ್ಕೀತು. ಅಡ್ಡ ಕೊಯ್ದರೆ ಪೆನ್ಸಿಲ್ ಗೀಟು. ಅಗೇಟಿನ ಪಟ್ಟೆಗಳಾದರೋ ಬೇರೆಯೇ ದಿಕ್ಕು ಕೇಳುತ್ತಿವೆ, ಎರಡೂ ಒಟ್ಟಿಗೆ ಸಿಗುವುದಿಲ್ಲ. ಅಲ್ಯೂಮಿನಿಯಂ ಹೆಣಿಗೆಕಡ್ಡಿಯ ತುದಿ ಚೂಪು ಮಾಡಿ ಅದರಲ್ಲೇ ಎಲ್ಲಿ ಕೊಯ್ಯಬೇಕೆಂದು ಗೆರೆ ಎಳೆಯುತ್ತೇನೆ, ನೀರಿಗೆ ಅಳಿಸುವುದಿಲ್ಲ. ಈ ಕಲ್ಲಿನ ಮೇಲೆ ಈಗ ಅಂಥ ಗೆರೆ ಐದಿವೆ. ಆರನೆಯದನ್ನು ಎಳೆಯಲು ಹೋದಾಗ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಇನ್ನೊಂದು ಎಳೆದರೆ ಕಲ್ಲೇ ಕಾಣಲ್ಲ” ಅಂದರು.